ಎಂ.ಎಫ್.ಎ. ಪದವಿ: ಕೊಟ್ಟ ದುಡ್ಡಿಗೆ, ಹೋದ ದೂರಕ್ಕೆ ಏನು ಸಿಗುತ್ತದೆ?

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಥೆ, ಕವಿತೆ ಬರೆಯುವುದನ್ನೇ ಕಲಿಸುವ ಅಮೆರಿಕದ ಎಂ.ಎಫ್.ಎ. (ಮಾಸ್ಟರ್ ಆಫ್ ಫೈನ್ ಆರ್ಟ್ಸ್) ಪದವಿಗೆ ಬೋಧನಾ ಶುಲ್ಕ ಪೂರ್ತಿ ಮಾಫಿಯಾಗಿ, ತಿಂಗಳಿಗಿಷ್ಟು ಎಂದು ಸ್ಟೈಪೆಂಡ್ ಬರುವುದಾದರೆ ದಾವಣಗೆರೆಯಿಂದಲೋ ಚಿತ್ರದುರ್ಗದಿಂದಲೋ ಧೈರ್ಯವಾಗಿ ಹೋಗಬಹುದು. ಹೊಲ ಅಡವಿಟ್ಟು, ಎಜುಕೇಶನ್ ಲೋನ್ ತೆಗೆದು ಹೋಗಬಾರದು. ಮೂರನೆಯ ದಾರಿಯೊಂದಿದೆ: ಆ ಪದವಿಯ ತಿರುಳಾದ ವರ್ಕ್‌ಶಾಪನ್ನು ಎಂಟು ಜನ ಸೇರಿ ಇಲ್ಲೇ ನಡೆಸುವುದು. ಬಿ.ಎ., ಎಂ.ಎ. ಮುಗಿಸಿ ಕಥೆ ಬರೆಯುತ್ತಿರುವವರು, ಅವರಿಗೆ ಶಿಫಾರಸು ಪತ್ರ ಬರೆದುಕೊಡಬೇಕಾದ ಮೇಷ್ಟ್ರುಗಳು ಇಬ್ಬರಿಗೂ ಉಪಯೋಗವಾಗಲೆಂದು ಈ ವಿಮರ್ಶೆ.

ಮಾರಾಟಕ್ಕಿರುವುದು ಏನು

ಈ ಪದವಿಯ ಬೇರು 1936ರಲ್ಲಿ ಅಯೋವಾ ವಿಶ್ವವಿದ್ಯಾಲಯದಲ್ಲಿ ಶುರುವಾದ ರೈಟರ್ಸ್ ವರ್ಕ್‌ಶಾಪ್. ಇಂಗ್ಲೆಂಡಿನಲ್ಲಿ ಇದೇ ಜಾತಿಯ ಎಂ.ಎ.ಯನ್ನು 1970ರಲ್ಲಿ ಯೂನಿವರ್ಸಿಟಿ ಆಫ್ ಈಸ್ಟ್ ಆಂಗ್ಲಿಯಾದಲ್ಲಿ ಮಾಲ್ಕಂ ಬ್ರಾಡ್‌ಬರಿ ಮತ್ತು ಆಂಗಸ್ ವಿಲ್ಸನ್ ಆರಂಭಿಸಿದರು. ಅಮೆರಿಕದ್ದು ಎರಡು ಅಥವಾ ಮೂರು ವರ್ಷ, ಇಂಗ್ಲೆಂಡಿನದು ಸಾಮಾನ್ಯವಾಗಿ ಒಂದೇ ವರ್ಷ. ಊರು ಯಾವುದಾದರೂ ಒಳಗಿನ ಯಂತ್ರ ಒಂದೇ.

ಹತ್ತರಿಂದ ಹದಿನೈದು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ. ಸರದಿ ಬಂದವರು ತಮ್ಮ ಕಥೆಯನ್ನು ಒಂದು ವಾರ ಮುಂಚೆ ಎಲ್ಲರಿಗೂ ಕಳಿಸಿರಬೇಕು. ಉಳಿದವರು ಅದನ್ನು ಎರಡು ಸಲ ಓದಿ, ಅಂಚಿನಲ್ಲಿ ಗುರುತು ಹಾಕಿ, ಒಂದು ಪುಟದ ಟಿಪ್ಪಣಿ ಬರೆದು ತರುತ್ತಾರೆ. ಒಂದು ಕಥೆಗೆ 40ರಿಂದ 60 ನಿಮಿಷ ಚರ್ಚೆ. ಹಳೆಯ ಪದ್ಧತಿಯಲ್ಲಿ ಆ ಹೊತ್ತಿನುದ್ದಕ್ಕೂ ಬರೆದವರು ಬಾಯಿ ಬಿಡುವಂತಿಲ್ಲ. ಕೊನೆಯ ಐದು ನಿಮಿಷ ಪ್ರಶ್ನೆ ಕೇಳಬಹುದು. ಮೇಷ್ಟ್ರು ಪಾಠ ಮಾಡುವುದಿಲ್ಲ, ಮಾತು ದಾರಿ ತಪ್ಪದಂತೆ ನೋಡಿಕೊಳ್ಳುತ್ತಾರೆ. ಇದರ ಜೊತೆಗೆ ಒಂದೆರಡು ಸಾಹಿತ್ಯ ಸೆಮಿನಾರ್, ಕೊನೆಗೆ ಥೀಸಿಸ್. ಥೀಸಿಸ್ ಎಂದರೆ ಇಲ್ಲಿ ಅಡಿಟಿಪ್ಪಣಿಗಳ ಸಂಶೋಧನಾ ಗ್ರಂಥವಲ್ಲ. ಪುಸ್ತಕವಾಗಬಲ್ಲ ಗಾತ್ರದ ಕಥಾಸಂಕಲನ, ಕಾದಂಬರಿಯ ಕರಡು ಅಥವಾ ಕವನಗಳ ಕಟ್ಟು.

ಈಗ ಲೆಕ್ಕ. ಹನ್ನೆರಡು ಜನರ ತರಗತಿ, ಒಂದು ಸೆಮಿಸ್ಟರಿಗೆ 14 ವಾರ, ವಾರಕ್ಕೆ 2 ಕಥೆ ಎಂದುಕೊಳ್ಳಿ. ಒಟ್ಟು 28 ಸರದಿ. ಒಬ್ಬರ ಪಾಲಿಗೆ ಎರಡು, ಹೆಚ್ಚೆಂದರೆ ಮೂರು. ನಾಲ್ಕು ಸೆಮಿಸ್ಟರಿಗೆ ಒಂಬತ್ತು ಸರದಿ, ಪ್ರತಿ ಸರದಿಗೆ 11 ಓದುಗರು. ಎರಡು ವರ್ಷದಲ್ಲಿ 99 ಟಿಪ್ಪಣಿ. ಪದವಿಯ ಸರಕು ಇಷ್ಟೇ. ಉಳಿದದ್ದು ಎರಡು: ದುಡಿಮೆಯ ಚಿಂತೆಯಿಲ್ಲದೆ ಬರೆಯಲು ಸಿಗುವ ಸಮಯ, ದೊಡ್ಡ ಗ್ರಂಥಾಲಯ. ಇವೆರಡೂ ಸಣ್ಣವಲ್ಲ. ಆದರೆ ಸಮಯ ಸಿಗುವುದು ಸ್ಟೈಪೆಂಡ್ ಇದ್ದವರಿಗೆ ಮಾತ್ರ. ಸಾಲದಲ್ಲಿ ಹೋದವರು ಬರೆಯುವ ಹೊತ್ತನ್ನೂ ಕಂತಿನ ಲೆಕ್ಕದಲ್ಲೇ ಕಳೆಯುತ್ತಾರೆ.

ವರ್ಕ್‌ಶಾಪ್ ಒಳ್ಳೆಯ ಕೆಲಸ ಮಾಡುವುದು ಒಂದು ಕಡೆ: ನೀವು ಬರೆದೆ ಅಂದುಕೊಂಡದ್ದಕ್ಕೂ ಕಾಗದದ ಮೇಲೆ ಇರುವುದಕ್ಕೂ ನಡುವಿನ ಅಂತರವನ್ನು ತೋರಿಸುವುದರಲ್ಲಿ. ಹನ್ನೊಂದು ಜನರಲ್ಲಿ ಏಳು ಜನ ಒಂದೇ ಪುಟದಲ್ಲಿ ಓದು ನಿಲ್ಲಿಸಿದ್ದರೆ ತೊಂದರೆ ಆ ಪುಟದಲ್ಲೇ ಇದೆ, ಅಥವಾ ಅದಕ್ಕೆ ಎರಡು ಪುಟ ಹಿಂದೆ ಇದೆ. ಅವರು ಹೇಳುವ ಪರಿಹಾರ ಬಹುಪಾಲು ತಪ್ಪಿರುತ್ತದೆ. ಅವರು ತೋರಿಸುವ ಜಾಗ ಬಹುಪಾಲು ಸರಿಯಿರುತ್ತದೆ. ಈ ಭೇದ ತಿಳಿಯದವರು 11 ಟಿಪ್ಪಣಿಗಳನ್ನೂ ಪಾಲಿಸಿ ಕಥೆಯನ್ನು ಕೆಡಿಸಿಕೊಳ್ಳುತ್ತಾರೆ.

ಕೆಲಸ ಮಾಡದ ಕಡೆಯೂ ಇದೆ, ನಮ್ಮ ಕಡೆಯವರಿಗೆ ಅದು ಮುಖ್ಯ. ಬರೆದವರು ಸುಮ್ಮನಿರಬೇಕೆಂಬ ನಿಯಮ ಹುಟ್ಟಿದ್ದು ಓದುವವರೂ ಬರೆಯುವವರೂ ಒಂದೇ ಲೋಕದವರು ಎಂಬ ನಂಬಿಕೆಯಿಂದ. ಕಥೆಯಲ್ಲಿ ಸೂತಕ ಬಂತು, ಸೀಮಂತ ಬಂತು, ಊರ ಮಾರಿಹಬ್ಬ ಬಂತು ಎಂದುಕೊಳ್ಳಿ. ಹನ್ನೊಂದು ಜನಕ್ಕೂ ಅದು ಹೊಸದು. ನಲವತ್ತು ನಿಮಿಷದಲ್ಲಿ ಮೂವತ್ತು ನಿಮಿಷ 'ಇದು ಏನು' ಎಂಬುದರಲ್ಲೇ ಹೋಗುತ್ತದೆ, ಬರೆದವರು ಬಾಯಿ ಮುಚ್ಚಿ ಕೂತಿರುತ್ತಾರೆ, ಕಥೆಯ ನಡೆ, ಪಾತ್ರ, ಭಾಷೆ ಯಾವುದೂ ಚರ್ಚೆಗೆ ಬರುವುದಿಲ್ಲ. ಇನ್ನೊಂದು: ನಮ್ಮಲ್ಲಿ ಕಥೆ ಹೇಳುವವನು ನಡುನಡುವೆ ನಿಂತು ಮಾತಾಡುತ್ತಾನೆ, ಹರಿಕಥೆ ದಾಸರು ಪದ ನಿಲ್ಲಿಸಿ ಸಭೆಯ ಕಡೆ ತಿರುಗುವ ಹಾಗೆ. 'ಹೇಳಬೇಡ, ತೋರಿಸು' ಎಂಬ ಪಾಠ ತಲೆಗೇರಿದ ಮೇಜು ಆ ದನಿಯನ್ನು ಮೊದಲ ಏಟಿಗೇ ಹೊಡೆದುಹಾಕುತ್ತದೆ. ಅದು ತಪ್ಪು ತಿದ್ದುಪಡಿ. ಆ ದನಿಯನ್ನು ಉಳಿಸಿಕೊಳ್ಳಿ.

ಇದಕ್ಕೆ ಮದ್ದು ಈಗ ಹಲವು ತರಗತಿಗಳಲ್ಲಿ ಬಳಕೆಯಲ್ಲಿದೆ. ನೃತ್ಯ ಸಂಯೋಜಕಿ ಲಿಜ್ ಲರ್ಮನ್ ರೂಪಿಸಿದ ನಾಲ್ಕು ಹೆಜ್ಜೆಯ ಕ್ರಮ ಅದು. ಮೊದಲು ಓದುಗರು ತಮಗೆ ತಟ್ಟಿದ್ದನ್ನು ಹೇಳುತ್ತಾರೆ. ಆಮೇಲೆ ಬರೆದವರು ತಮಗೆ ಬೇಕಾದ ಪ್ರಶ್ನೆ ಕೇಳುತ್ತಾರೆ. ಮೂರನೆಯದಾಗಿ ಓದುಗರು ಪ್ರಶ್ನೆ ಕೇಳುತ್ತಾರೆ, ಆದರೆ ಪ್ರಶ್ನೆಯೊಳಗೆ ಅಭಿಪ್ರಾಯ ಅಡಗಿಸುವಂತಿಲ್ಲ. 'ಆ ಅಜ್ಜಿ ಯಾಕಿಷ್ಟು ಗೊಣಗುತ್ತಾಳೆ?' ಎನ್ನುವುದು ಅಭಿಪ್ರಾಯ; 'ಅಜ್ಜಿಯ ಮಾತಿನಿಂದ ಏನಾಗಬೇಕು ಅಂದುಕೊಂಡಿದ್ದೀರಿ?' ಎನ್ನುವುದು ಪ್ರಶ್ನೆ. ನಾಲ್ಕನೆಯ ಹೆಜ್ಜೆಯಲ್ಲಿ, ಬರೆದವರು ಒಪ್ಪಿದರೆ ಮಾತ್ರ, ಅಭಿಪ್ರಾಯ. ಅರ್ಜಿ ಹಾಕುವ ಮುಂಚೆ ಆಯಾ ಕಡೆಯ ಈಗಿನ ವಿದ್ಯಾರ್ಥಿಗಳಿಗೆ ಇಮೇಲ್ ಮಾಡಿ 'ನಿಮ್ಮ ವರ್ಕ್‌ಶಾಪಿನಲ್ಲಿ ಬರೆದವರು ಮಾತಾಡಬಹುದೇ?' ಎಂದು ಕೇಳಿ. ರ‍್ಯಾಂಕಿಂಗ್ ಪಟ್ಟಿ ಹೇಳದ್ದನ್ನು ಈ ಒಂದು ಪ್ರಶ್ನೆ ಹೇಳುತ್ತದೆ.

ದುಡ್ಡು

ಅಮೆರಿಕದ ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ವರ್ಷಕ್ಕೆ 40 ಸಾವಿರ ಡಾಲರ್ ದಾಟುತ್ತದೆ. ಡಾಲರಿಗೆ 85 ರೂಪಾಯಿ ಹಿಡಿದರೂ ವರ್ಷಕ್ಕೆ 34 ಲಕ್ಷ, ಎರಡು ವರ್ಷಕ್ಕೆ 68 ಲಕ್ಷ. ಊಟ, ಬಾಡಿಗೆ ಬೇರೆ. ಎಂ.ಎಸ್. ಇಂಜಿನಿಯರಿಂಗಿಗೆ ಇಷ್ಟು ಸಾಲ ಮಾಡಿ ಹೋದವರನ್ನು ನೋಡಿ ಹೋಲಿಸಿಕೊಳ್ಳಬೇಡಿ. ಅವರಿಗೆ ಓದು ಮುಗಿದ ಮೇಲೆ 12 ತಿಂಗಳ ಒಪಿಟಿ ಕೆಲಸದ ಅನುಮತಿ, ಅದರ ಮೇಲೆ ಇನ್ನೂ 24 ತಿಂಗಳ ವಿಸ್ತರಣೆ. ಎಂ.ಎಫ್.ಎ.ಗೆ ಆ ವಿಸ್ತರಣೆ ಇಲ್ಲ. 12 ತಿಂಗಳು ಮುಗಿದರೆ ಮುಗಿಯಿತು. ಕ್ಯಾಂಪಸ್ ಸೆಲೆಕ್ಷನ್ ಎಂಬುದೂ ಈ ಓದಿಗಿಲ್ಲ. ಅಮೆರಿಕದಲ್ಲಿ ಬರವಣಿಗೆ ಕಲಿಸುವ ಹುದ್ದೆಗೆ ಎಂ.ಎಫ್.ಎ.ಯೇ ಕೊನೆಯ ಪದವಿ ಎಂದು ಒಪ್ಪುತ್ತಾರೆ, ನಿಜ. ಆದರೆ ಆ ಹುದ್ದೆಗೆ ಪದವಿಗಿಂತ ಅಚ್ಚಾದ ಪುಸ್ತಕ ಮುಖ್ಯ.

ಶುಲ್ಕ ಮಾಫಿಯ ಜಾಗಗಳು ಬೇರೆಯೇ. ಅಲ್ಲಿ ವಿಶ್ವವಿದ್ಯಾಲಯ ನಿಮ್ಮನ್ನು ಬೋಧನಾ ಸಹಾಯಕರಾಗಿ ತೆಗೆದುಕೊಳ್ಳುತ್ತದೆ: ಸೆಮಿಸ್ಟರಿಗೆ ಒಂದೋ ಎರಡೋ ತರಗತಿ, ಬಹುಪಾಲು ಮೊದಲ ವರ್ಷದ ಡಿಗ್ರಿ ಹುಡುಗರಿಗೆ ಪ್ರಬಂಧ ಬರೆಯುವುದನ್ನು ಕಲಿಸುವುದು. ಬದಲಿಗೆ ಶುಲ್ಕ ಇಲ್ಲ, ಸ್ಟೈಪೆಂಡ್ ಉಂಟು. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಮಿಚೆನರ್ ಸೆಂಟರ್‌ನಂಥ ಕೆಲವೇ ಕಡೆ ಮೂರು ವರ್ಷ ಪಾಠ ಮಾಡುವ ಹೊಣೆಯೂ ಇಲ್ಲದೆ ಫೆಲೋಶಿಪ್ ಕೊಡುತ್ತಾರೆ. ಇಂಥ ಕಡೆ ನೂರು ಅರ್ಜಿಗೆ ಸೀಟು ನಾಲ್ಕೈದೂ ಇರುವುದಿಲ್ಲ. ಒಂದೇ ಕಡೆ ಹಾಕಿ ಕಾಯಬೇಡಿ. ಎಂಟರಿಂದ ಹತ್ತು ಕಡೆ ಹಾಕುವುದು ವಾಡಿಕೆ. ಅರ್ಜಿ ಶುಲ್ಕ ಒಂದೊಂದಕ್ಕೆ 50ರಿಂದ 100 ಡಾಲರ್, ಹತ್ತಕ್ಕೆ ಸುಮಾರು 65 ಸಾವಿರ ರೂಪಾಯಿ. ಶುಲ್ಕ ವಿನಾಯಿತಿ ಇದೆಯೇ ಎಂದು ಇಲಾಖೆಯ ಸಂಯೋಜಕರಿಗೆ ಅಕ್ಟೋಬರಿನಲ್ಲೇ ಬರೆದು ಕೇಳಿ; ಕೆಲವು ಕಡೆ ಅದು ಅವರ ದೇಶದವರಿಗೆ ಮಾತ್ರ.

ಇಂಗ್ಲೆಂಡಿನ ಒಂದು ವರ್ಷದ ಎಂ.ಎ. ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊರದೇಶದವರಿಗೆ ಶುಲ್ಕ 20 ಸಾವಿರ ಪೌಂಡಿನ ಆಜುಬಾಜಿನಿಂದ ಶುರು. ವರ್ಕ್‌ಶಾಪ್ ನಡೆಯುವುದು ಎರಡು ಟರ್ಮ್ ಮಾತ್ರ, ಸಿಗುವುದು ಮೂರ‍್ನಾಲ್ಕು ಸರದಿ. ಬೇಸಿಗೆಯಲ್ಲಿ ಒಬ್ಬರೇ ಕೂತು ಡಿಸರ್ಟೇಶನ್ ಬರೆಯುವುದು. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಸಿಕ್ಕರೆ ಸರಿ. ಅದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು, ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಅದಿಲ್ಲದೆ ಕೈಯಿಂದ ಹಾಕುವಷ್ಟು ಸರಕು ಅದರಲ್ಲಿಲ್ಲ ಎಂಬುದು ನಮ್ಮ ಎಣಿಕೆ.

ಸ್ಯಾಂಪಲ್: ತೀರ್ಮಾನವಾಗುವುದು ಇದರಿಂದಲೇ

ಅಂಕ, ಶಿಫಾರಸು ಪತ್ರ, ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆ ಎಲ್ಲವೂ ಬಾಗಿಲವರೆಗೆ ಕರೆದೊಯ್ಯುತ್ತವೆ. ಒಳಗೆ ಬಿಡುವುದು ಬರವಣಿಗೆಯ ಸ್ಯಾಂಪಲ್. ಗದ್ಯವಾದರೆ ಸಾಮಾನ್ಯವಾಗಿ 20ರಿಂದ 30 ಪುಟ, ಪದ್ಯವಾದರೆ ಸುಮಾರು 10 ಪುಟ. 12 ಪಾಯಿಂಟ್ ಅಕ್ಷರ, ಸಾಲಿಗೆ ಸಾಲಿಗೆ ನಡುವೆ ಡಬಲ್ ಸ್ಪೇಸ್, ಸುತ್ತ 1 ಇಂಚು ಅಂಚು. ಹಾಗೆ ಬಿಟ್ಟರೆ ಪುಟಕ್ಕೆ 250ರಿಂದ 300 ಪದ, ಅಂದರೆ 25 ಪುಟಕ್ಕೆ ಏಳು ಸಾವಿರ ಪದದ ಸುತ್ತಮುತ್ತ. ಮೂರು ಸಣ್ಣ ಕಥೆ ತುಂಬುವುದಕ್ಕಿಂತ ಒಂದು ಗಟ್ಟಿ ಕಥೆ ಮೇಲು, ಯಾಕೆಂದರೆ ಓದುವವರು ಮೊದಲ ನಾಲ್ಕು ಪುಟದಲ್ಲೇ ಒಂದು ನಿರ್ಧಾರಕ್ಕೆ ಬಂದಿರುತ್ತಾರೆ. ಒಳ್ಳೆಯ ಕಥೆ ಎರಡನೆಯದಾಗಿದ್ದರೆ ಅದರ ತನಕ ಬರುವುದೇ ಇಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಮೂರು ದಾರಿ. ನೇರವಾಗಿ ಇಂಗ್ಲಿಷಿನಲ್ಲಿ ಬರೆಯುವುದು. ತಮ್ಮದೇ ಕನ್ನಡ ಕಥೆಯನ್ನು ತಾವೇ ಅನುವಾದಿಸಿ, ಹಾಗೆಂದು ಮೊದಲ ಪುಟದಲ್ಲಿ ಒಂದು ಸಾಲು ಹಾಕುವುದು. ಮೂರನೆಯದು ನಮ್ಮಲ್ಲಿ ಕಡಿಮೆ ಜನಕ್ಕೆ ಗೊತ್ತು: ಅಯೋವಾದಂಥ ಕಡೆ ಸಾಹಿತ್ಯಾನುವಾದಕ್ಕೇ ಪ್ರತ್ಯೇಕ ಎಂ.ಎಫ್.ಎ. ಇದೆ. ಅಲ್ಲಿ ಕನ್ನಡ ಬರುವುದು ಕೊರತೆಯಲ್ಲ, ಬಂಡವಾಳ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ದೀಪಾ ಭಾಸ್ತಿ ಅವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಕನ್ನಡ ಎಂದರೆ ಯಾವುದು ಎಂದು ಅಲ್ಲಿನ ಆಯ್ಕೆ ಸಮಿತಿಗಳಿಗೆ ವಿವರಿಸುವ ಅಗತ್ಯವೂ ಕಡಿಮೆ. ಅನುವಾದದ ಅರ್ಜಿಗೆ ಸಾಮಾನ್ಯವಾಗಿ ಮೂಲದ ಪುಟಗಳನ್ನೂ ಜೊತೆಗಿಡಬೇಕು. ಭಾರತದಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಅದರೊಳಗಿನ ಲೇಖಕರಾದರೆ ಅವರನ್ನೋ ಮನೆಯವರನ್ನೋ ಮೊದಲೇ ಒಂದು ಮಾತು ಕೇಳಿ, ಲಿಖಿತವಾಗಿ ಪಡೆಯಿರಿ. ಮುಂದೆ ಪತ್ರಿಕೆಗೆ ಕಳಿಸುವಾಗ ಅದು ಬೇಕೇ ಬೇಕು.

ತಮ್ಮ ಕಥೆಯನ್ನು ತಾವೇ ಇಂಗ್ಲಿಷಿಗೆ ತರುವಾಗ ಕೆಡುವ ಜಾಗಗಳು ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ನಡೆಯುವ ಒಂದು ಕಥೆ ಇದೆ ಎಂದುಕೊಳ್ಳೋಣ.

ಕೆಲಸದಾಕೆ 'ಎದ್ದು, ಒಲೆ ಹಚ್ಚಿ, ಉಸುಕು ಕಾಯಿಸಿ, ಮಗನ್ನ ಸಾಲಿಗೆ ಕಳಿಸಿ ಕುಂತಳು' ಎಂಬ ವಾಕ್ಯ ಬರುತ್ತದೆ. ಕನ್ನಡದಲ್ಲಿ ಇದು ಒಂದೇ ಉಸಿರು. ನಾಲ್ಕು ಕೆಲಸ ಓಡುತ್ತ ಬಂದು 'ಕುಂತಳು' ಎಂಬಲ್ಲಿ ಭಾರ ಇಳಿಸುತ್ತವೆ. ಇಂಗ್ಲಿಷಿನಲ್ಲಿ ಅದೇ ಸರಪಳಿ ಉಳಿಸಲು ಹೋದರೆ ಕೋರ್ಟಿನ ಅರ್ಜಿಯ ಹಾಗೆ ಕೇಳಿಸುತ್ತದೆ. ಮೊದಲು ಭಾರ ಯಾವ ಕ್ರಿಯಾಪದದ ಮೇಲಿದೆ ಎಂದು ಗುರುತಿಸಿ. ಮುಂಚಿನ ಕೆಲಸಗಳನ್ನು ಎರಡು ಪುಟ್ಟ ವಾಕ್ಯ ಮಾಡಿ, ಕೊನೆಯದಕ್ಕೆ ಒಂದು ಪೂರ್ತಿ ವಾಕ್ಯ ಕೊಡಿ. ಓಟ ಹೋದರೂ ಇಳಿದ ಭಾರ ಉಳಿಯುತ್ತದೆ.

ನೀನು, ನೀವು ಇದಕ್ಕಿಂತ ಕಷ್ಟ. ಆಕೆ ಕಥೆಯುದ್ದಕ್ಕೂ ಭಟ್ಟಿಯವನನ್ನು 'ಸಾವ್ಕಾರ‍್ರೇ, ನೀವು' ಎನ್ನುತ್ತಿರುತ್ತಾಳೆ. ಜಗಳದ ದಿನ 'ನೀನ್ಯಾವನಲೇ' ಎನ್ನುತ್ತಾಳೆ. ಕಥೆ ತಿರುಗುವುದೇ ಆ ಒಂದು ಪದದಲ್ಲಿ. ಇಂಗ್ಲಿಷಿಗೆ ಎರಡೂ ಒಂದೇ. ಅಡಿಟಿಪ್ಪಣಿ ಹಾಕಿದರೆ ಸತ್ತಹಾಗೆ. ಮೊದಲ ಪುಟದಿಂದಲೇ ಪ್ರತಿ ಮಾತಿನಲ್ಲೂ 'ಸಾವ್ಕಾರ್' ಎಂಬ ಪದವನ್ನು ಹಾಗೇ ಉಳಿಸಿಕೊಂಡು ಬನ್ನಿ. ಜಗಳದ ದಿನ ಅದನ್ನು ಕೈಬಿಟ್ಟು ಬರಿಯ ಹೆಸರು ಹಿಡಿದು ಕರೆಸಿ. ಆರು ಪುಟ ಓದುಗರ ಕಿವಿಯಲ್ಲಿ ಕೂತ ಪದ ಏಳನೆಯ ಪುಟದಲ್ಲಿ ಕಾಣೆಯಾದರೆ ಏಟು ಬೀಳುತ್ತದೆ. ಅಂದರೆ ಅನುವಾದ ಆ ವಾಕ್ಯದಲ್ಲಿ ನಡೆಯುವುದಿಲ್ಲ, ಆರು ಪುಟ ಹಿಂದೆಯೇ ನಡೆದಿರಬೇಕು.

'ಅಂತೆ' ಇನ್ನೊಂದು. 'ಬಿದ್ದನಂತೆ, ಯಾರೂ ಎತ್ತಲಿಲ್ಲವಂತೆ' ಎನ್ನುವಾಗ ಹೇಳುವವನು ಕಂಡಿಲ್ಲ, ಕೇಳಿದ್ದಾನೆ, ನಂಬಿಕೆಯೂ ಅರ್ಧ. ಪ್ರತಿ ವಾಕ್ಯಕ್ಕೂ 'ಜನ ಹೇಳುತ್ತಾರೆ' ಎಂದು ಇಂಗ್ಲಿಷಿನಲ್ಲಿ ಅಂಟಿಸಿದರೆ ಮೂರನೆಯ ವಾಕ್ಯಕ್ಕೆ ಓದುಗರು ಸುಸ್ತು. ಆ ಭಾಗದ ನಿರೂಪಣೆಯನ್ನೇ ಓಣಿಯ 'ನಾವು' ಎಂಬ ದನಿಗೆ ಕೊಟ್ಟುಬಿಡಿ. ಕೇಳಿದ ಮಾತೆಂಬುದು ದನಿಯಲ್ಲೇ ಇರುತ್ತದೆ. ಇನ್ನು ಮಂಡಕ್ಕಿ. ಅದನ್ನು ವಿವರಿಸಬೇಡಿ. ಕಾದ ಉಸುಕಿಗೆ ಅಕ್ಕಿ ಬಿದ್ದು ಅರಳುವುದನ್ನು ಒಂದು ಸಾಲಿನಲ್ಲಿ ನಡೆಸಿಬಿಟ್ಟರೆ ಪದ ತಾನೇ ಅರ್ಥ ಕಟ್ಟಿಕೊಳ್ಳುತ್ತದೆ.

ಆಡುಮಾತಿನ ವಿಷಯದಲ್ಲಿ ಒಂದು ಎಚ್ಚರಿಕೆ. ಹರಿಹರ, ಜಗಳೂರು ಕಡೆಯ 'ಮಾಡಾಕತ್ತೀನಿ'ಯನ್ನು ಅಮೆರಿಕದ ಯಾವುದೋ ಹಳ್ಳಿಯ ಇಂಗ್ಲಿಷಿಗೆ ಹಾಕಬೇಡಿ. ಪಾತ್ರ ಊರು ಬಿಟ್ಟು ಹೋಗುತ್ತದೆ. ವಾಕ್ಯ ಚಿಕ್ಕದು ಮಾಡಿ, ಪದ ಸಾದಾ ಇಡಿ, ಸಾಕು.

ಹಳೆಯ ಕಥೆಗಳು ನುಡಿಯ ಆಸ್ಕಿ ಫಾಂಟಿನಲ್ಲಿದ್ದರೆ, ಡಿಟಿಪಿ ಅಂಗಡಿಯಿಂದ ಬಂದವು ಬಹುಪಾಲು ಹಾಗೇ ಇರುತ್ತವೆ, ಅವನ್ನು ಹಾಗೇ ಕಳಿಸಿದರೆ ಆ ಕಡೆ ತೆರೆಯುವುದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಗುಪ್ಪೆ. ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ. ಸೂರ್ಯ, ಕಾರ್ಯ ಇಂಥ ಪದಗಳಲ್ಲಿ ಯಂತ್ರ ಎಡವುತ್ತದೆ. ಆಮೇಲೆ ಫಾಂಟ್ ಒಳಗೇ ಸೇರಿಕೊಂಡಿರುವ ಪಿಡಿಎಫ್ ಮಾಡಿ, ಬೇರೆ ಯಾರದ್ದಾದರೂ ಫೋನಿನಲ್ಲಿ ತೆರೆದು ನೋಡಿ.

ಕಾಗದ ಪತ್ರ

ಅರ್ಜಿಯ ಕೊನೆ ದಿನ ಹೆಚ್ಚಿನ ಕಡೆ ಡಿಸೆಂಬರ್ 1ರಿಂದ ಜನವರಿ 15ರ ಒಳಗೆ. ಟ್ರಾನ್ಸ್‌ಕ್ರಿಪ್ಟ್ (ವಿಶ್ವವಿದ್ಯಾಲಯ ಕೊಡುವ ಅಧಿಕೃತ ಅಂಕವಿವರ) ಕೆಲಸ ಆಗಸ್ಟಿನಲ್ಲೇ ಶುರು ಮಾಡಿ. ದಾವಣಗೆರೆ ವಿಶ್ವವಿದ್ಯಾಲಯ ಆದದ್ದು 2009ರಲ್ಲಿ. ಅದಕ್ಕೂ ಮುಂಚೆ ಇಲ್ಲಿನ ಕಾಲೇಜುಗಳಲ್ಲಿ ಓದಿದವರ ಪದವಿ ಕುವೆಂಪು ವಿಶ್ವವಿದ್ಯಾಲಯದ್ದು. ಅವರು ದಾವಣಗೆರೆ ವಿಶ್ವವಿದ್ಯಾಲಯವಿರುವ ತೋಳಹುಣಸೆಯ ಶಿವಗಂಗೋತ್ರಿಗಲ್ಲ, ಕುವೆಂಪು ವಿಶ್ವವಿದ್ಯಾಲಯವಿರುವ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟಕ್ಕೆ ಹೋಗಬೇಕು. ಅಂಕಪಟ್ಟಿ ನೋಡದೆ ಬಸ್ ಹತ್ತಬೇಡಿ. ಮೂರು ವರ್ಷದ ಬಿ.ಎ. ಒಂದೇ ಇದ್ದರೆ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಅದನ್ನು ತಮ್ಮ ನಾಲ್ಕು ವರ್ಷದ ಪದವಿಗೆ ಸಮ ಎಂದು ಒಪ್ಪುವುದಿಲ್ಲ. ಅದರ ಮೇಲೆ ಎರಡು ವರ್ಷದ ಎಂ.ಎ. ಇದ್ದರೆ ಆ ತಕರಾರು ಇಲ್ಲ. ಹಾಗಾಗಿ ಶಿವಗಂಗೋತ್ರಿಯ ಕನ್ನಡ ಅಥವಾ ಇಂಗ್ಲಿಷ್ ಎಂ.ಎ. ಮುಗಿಸಿ ಹೋಗುವುದು ಸಮಯ ಹಾಳಲ್ಲ.

ಹೆಸರಿನ ಗೊಂದಲ ನಮ್ಮ ಕಡೆ ಎಲ್ಲರಿಗೂ ಇದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಒಂದೋ ಎರಡೋ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಅಪ್ಪನ ಹೆಸರು, ಊರ ಹೆಸರು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಸರ್‌ನೇಮ್ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್) ಎಂಬ ಮೂರಕ್ಷರ ಬಂದು ಕೂರುತ್ತದೆ, ಬ್ಯಾಂಕಿನಿಂದ ಗ್ರಂಥಾಲಯ ಕಾರ್ಡಿನವರೆಗೆ ಹಿಂಬಾಲಿಸುತ್ತದೆ. ಅರ್ಜಿ, ಟೋಫೆಲ್ ಅಥವಾ ಐಇಎಲ್‌ಟಿಎಸ್, ಪಾಸ್‌ಪೋರ್ಟ್ ಮೂರರಲ್ಲೂ ಒಂದೇ ಹೆಸರು ಇರಲಿ. ಇಂಗ್ಲಿಷ್ ಪರೀಕ್ಷೆಯ ಅಂಕ ಎರಡು ವರ್ಷಕ್ಕೆ ಮಾತ್ರ ಊರ್ಜಿತ.

ಶಿಫಾರಸು ಪತ್ರ ಮೂರು ಬೇಕು. ಮೇಷ್ಟ್ರುಗಳಲ್ಲಿ ವಿನಂತಿ: 'ಈತ ವಿನಯವಂತ, ಶಿಸ್ತಿನ ವಿದ್ಯಾರ್ಥಿ' ಎಂಬ ನಡತೆ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ. ಈ ಹುಡುಗಿ ಒಂದು ಕಥೆಯನ್ನು ಎಷ್ಟು ಸಲ ತಿದ್ದಿದಳು, ಎರಡನೆಯ ಕರಡಿಗೂ ನಾಲ್ಕನೆಯದಕ್ಕೂ ಏನು ಬದಲಾಯಿತು, ಬೇರೆಯವರ ಬರಹವನ್ನು ಹೇಗೆ ಓದುತ್ತಾಳೆ, ಇಂಥ ನಾಲ್ಕು ವಿವರ ಒಂದು ಪುಟದಲ್ಲಿ ಬಂದರೆ ಅದಕ್ಕಿಂತ ಬಲವಾದ ಪತ್ರವಿಲ್ಲ. ಪತ್ರವನ್ನು ಸಾಧ್ಯವಾದರೆ ಕಾಲೇಜಿನ ಇಮೇಲ್ ವಿಳಾಸದಿಂದಲೇ ಕಳಿಸಿ. ವಿದ್ಯಾರ್ಥಿಗಳು ಆರು ವಾರ ಮುಂಚೆ ಕೇಳಬೇಕು, ಕೇಳುವಾಗ ಸ್ಯಾಂಪಲ್ಲನ್ನೂ ಕೊನೆ ದಿನಾಂಕಗಳ ಪಟ್ಟಿಯನ್ನೂ ಕೈಗೆ ಕೊಡಬೇಕು. ಉದ್ದೇಶ ಪತ್ರದಲ್ಲಿ ಬಾಲ್ಯದಿಂದ ಓದುವ ಹುಚ್ಚು ಎಂದು ಶುರು ಮಾಡಿದರೆ ಅದೇ ದಿನ ಓದಿದ ಇನ್ನೈವತ್ತು ಪತ್ರಗಳ ಜೊತೆ ಸೇರಿಹೋಗುತ್ತದೆ. ಈಗ ಏನು ಬರೆಯುತ್ತಿದ್ದೀರಿ, ಎಲ್ಲಿ ಸಿಕ್ಕಿಕೊಂಡಿದ್ದೀರಿ, ಅದನ್ನು ಬಿಡಿಸಲು ಅಲ್ಲಿನ ಯಾವ ತರಗತಿ ಬೇಕು, ಅಷ್ಟು ಬರೆಯಿರಿ.

ಇಲ್ಲೇ ನಡೆಸುವುದಾದರೆ

ಎಂಟು ಜನ, ಹದಿನೈದು ದಿನಕ್ಕೊಂದು ಭಾನುವಾರ, ಪ್ರತಿ ಸಲ ಎರಡು ಕಥೆ. ವರ್ಷಕ್ಕೆ 26 ಸಭೆ, ಎರಡು ವರ್ಷಕ್ಕೆ 52. ಒಟ್ಟು 104 ಸರದಿ, ತಲೆಗೆ 13. ಅಯೋವಾದ ಮಾದರಿಯ ಒಂಬತ್ತಕ್ಕಿಂತ ನಾಲ್ಕು ಹೆಚ್ಚು. ಹನ್ನೆರಡು ಪುಟದ ಕಥೆಯನ್ನು ಉಳಿದ ಏಳು ಜನಕ್ಕೆ ತೆಗೆಸಲು 84 ಪುಟ; ಪುಟಕ್ಕೆ 2 ರೂಪಾಯಿ ಎಂದರೂ 168 ರೂಪಾಯಿ. ಈ ಖರ್ಚು ಉಳಿಸಲು ವಾಟ್ಸಾಪಿನಲ್ಲಿ ಹಾಕಬೇಡಿ. ಫೋನಿನಲ್ಲಿ ಓದಿದವರು ಅಂಚಿನಲ್ಲಿ ಬರೆಯುವುದಿಲ್ಲ, ಅಂಚಿನಲ್ಲಿ ಬರೆಯದವರು ಸಭೆಗೆ ಬಂದು 'ಚೆನ್ನಾಗಿದೆ ಸಾರ್' ಎನ್ನುತ್ತಾರೆ. ಜಾಗ ಕಾಲೇಜಿನ ಖಾಲಿ ಕೊಠಡಿ ಅಥವಾ ಯಾರದಾದರೂ ಮನೆಯ ಪಡಸಾಲೆ. ಬೆಣ್ಣೆ ದೋಸೆ ಹೋಟೆಲ್ ಆಗದು, ಟೇಬಲ್ ಹಿಂದೆ ಜನ ಕಾಯುತ್ತಿರುತ್ತಾರೆ. ಚಿತ್ರದುರ್ಗದಿಂದ ಬರುವವರಿದ್ದರೆ ಸುಮಾರು 60 ಕಿಲೋಮೀಟರ್. 11 ಗಂಟೆಗೆ ಶುರು ಮಾಡಿ 2 ಗಂಟೆಗೆ ಮುಗಿಸಿ.

ಇಂಥ ಗುಂಪುಗಳು ಕೆಡುವುದು ನಾಲ್ಕೈದನೆಯ ತಿಂಗಳಲ್ಲಿ, ಕಾರಣಗಳೂ ಗೊತ್ತಿರುವಂಥವೇ. ಹಿರಿಯರೊಬ್ಬರು ಬಂದು ಕೂತರೆ ಉಳಿದ ಏಳು ಜನ ಅವರ ಮುಖ ನೋಡಿ ಮಾತಾಡುತ್ತಾರೆ. ಹಿರಿಯರಿದ್ದರೆ ಕೊನೆಗೆ ಮಾತಾಡಲಿ, ಐದು ನಿಮಿಷ ಮಾತ್ರ. ಸರದಿ ಬಂದವರು 'ಇನ್ನೂ ಮುಗಿದಿಲ್ಲ' ಎಂದರೆ ಮುಗಿದಷ್ಟನ್ನೇ ತರಿಸಿ, ಸರದಿ ಮುಂದೂಡಬೇಡಿ. ಒಮ್ಮೆ ಮುಂದೂಡಿದರೆ ಕೊನೆ ದಿನ ಎಂಬುದಕ್ಕೆ ಬೆಲೆ ಹೋಗುತ್ತದೆ. ನಮ್ಮಲ್ಲಿ ಮುಖಕ್ಕೆ ಹೊಡೆದ ಹಾಗೆ ಹೇಳುವುದು ಮರ್ಯಾದೆಯಲ್ಲ ಎಂಬ ಸಂಕೋಚ ಇದೆ. ಅದಕ್ಕೆ ಮೇಲೆ ಹೇಳಿದ ನಾಲ್ಕು ಹೆಜ್ಜೆ ಚೆನ್ನಾಗಿ ಒಗ್ಗುತ್ತದೆ. ಬರೆದವರೇ ಪ್ರಶ್ನೆ ಕೇಳುವುದರಿಂದ ಉತ್ತರಿಸುವವರಿಗೆ ಹಿಂಜರಿಕೆ ಕಡಿಮೆ. ನಾಟಕ ಬರೆಯುವವರು ಈ ಮೇಜಿಗೆ ತೃಪ್ತಿಪಡಬೇಕಿಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ರಂಗಶಾಲೆ ಇದೆ, ಮಾತು ನಟರ ಬಾಯಲ್ಲಿ ನಿಲ್ಲುತ್ತದೋ ಇಲ್ಲವೋ ಎಂಬುದನ್ನು ರಂಗದ ಮೇಲೆ ಕೇಳಿಯೇ ತಿಳಿಯಬೇಕು.

ಕನ್ನಡದ ವಿಶ್ವವಿದ್ಯಾಲಯಗಳೂ ಈ ದಾರಿಯನ್ನು ಗಂಭೀರವಾಗಿ ನೋಡಬೇಕು. 2012ರಲ್ಲಿ ಶುರುವಾದ ಕೇರಳದ ತಿರೂರಿನ ಮಲಯಾಳಂ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ರಚನೆಗೇ ಎಂ.ಎ. ಇದೆ, ಅದೂ ಮಲಯಾಳಂನಲ್ಲಿ. ನಮ್ಮ ಹುಡುಗರು ಸ್ಯಾಂಪಲ್ ಅನುವಾದಿಸುತ್ತ ಕೂರುವ ಬದಲು ಕನ್ನಡದಲ್ಲೇ ಒಂಬತ್ತು ಸರದಿ ಪಡೆಯುವಂತಾಗಬೇಕು.

ಆಫರ್ ಬಂದ ಮೇಲೆ

ಫಲಿತಾಂಶ ಫೆಬ್ರವರಿ, ಮಾರ್ಚಿನಲ್ಲಿ ಬರುತ್ತದೆ. ಶುಲ್ಕ ಮಾಫಿ ಮತ್ತು ಸ್ಟೈಪೆಂಡ್ ಸೇರಿದ ಆಫರ್ ಆದರೆ, ಕೌನ್ಸಿಲ್ ಆಫ್ ಗ್ರ್ಯಾಜುಯೇಟ್ ಸ್ಕೂಲ್ಸ್‌ನ ಒಪ್ಪಂದಕ್ಕೆ ಸೇರಿದ ವಿಶ್ವವಿದ್ಯಾಲಯಗಳು ಏಪ್ರಿಲ್ 15ರ ಮುಂಚೆ ಉತ್ತರ ಕೊಡಿ ಎಂದು ಒತ್ತಾಯಿಸುವಂತಿಲ್ಲ. ಆ ಸಮಯವನ್ನು ಪೂರ್ತಿ ಬಳಸಿಕೊಳ್ಳಿ.

ಪತ್ರದಲ್ಲಿ 'ಪೂರ್ತಿ ಧನಸಹಾಯ' ಎಂದಿದ್ದರೂ ಒಳಗೆ ನೋಡಿ. ಬೋಧನಾ ಶುಲ್ಕ ಮಾಫಿಯಾದರೂ ವಿದ್ಯಾರ್ಥಿ ಶುಲ್ಕಗಳು ಬೇರೆ ಇರುತ್ತವೆ. ಆರೋಗ್ಯ ವಿಮೆ ಯಾರು ಕಟ್ಟುತ್ತಾರೆ? ಸ್ಟೈಪೆಂಡ್ 9 ತಿಂಗಳಿಗೋ 12 ತಿಂಗಳಿಗೋ? 9 ಆದರೆ ಮೇ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬಾಡಿಗೆ ಎಲ್ಲಿಂದ? ವಿದ್ಯಾರ್ಥಿ ವೀಸಾದಲ್ಲಿ ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಬೋಧನಾ ಸಹಾಯಕ ಹುದ್ದೆಯೇ ಅಷ್ಟನ್ನೂ ನುಂಗಿರುತ್ತದೆ, ಹೊರಗೆ ಹೋಟೆಲಿನಲ್ಲಿ ದುಡಿದು ತುಂಬಿಸಿಕೊಳ್ಳುತ್ತೇನೆ ಎಂದರೆ ವೀಸಾಕ್ಕೇ ಕುತ್ತು. ಎರಡನೆಯ ವರ್ಷದ ಸ್ಟೈಪೆಂಡ್ ಖಾತ್ರಿಯೋ, ಅಥವಾ 'ಲಭ್ಯತೆ ನೋಡಿಕೊಂಡು' ಎಂದಿದೆಯೋ? ಈ ಪ್ರಶ್ನೆಗಳನ್ನು ಇಲಾಖೆಯ ಸಂಯೋಜಕರಿಗೆ ಇಮೇಲಿನಲ್ಲೇ ಕೇಳಿ, ಉತ್ತರವನ್ನು ಪ್ರಿಂಟ್ ತೆಗೆದು ಆಫರ್ ಪತ್ರಕ್ಕೆ ಪಿನ್ ಮಾಡಿ ಇಡಿ. ಫೋನಿನಲ್ಲಿ ಹೇಳಿದ ಮಾತಿನ ಮೇಲೆ ಒಪ್ಪಿಗೆಯ ಗುಂಡಿ ಒತ್ತಬೇಡಿ.